ಹತ್ತು ಮಂದಿ ಕೂಡಿದಾಗ: ನಮ್ಮ ಕಡೆಯ ಮನೆತಿಂಡಿಗಳು

ವಾರ್ಷಿಕ ಸಂಚಿಕೆಗೆ ಬರೆಯುವವರು ದೇಶದ ಏಳಿಗೆ, ವಿದ್ಯಾರ್ಥಿಗಳ ಕರ್ತವ್ಯ, ವಿಜ್ಞಾನದ ವರ ಮತ್ತು ಶಾಪ ಮೊದಲಾದ ದೊಡ್ಡ ವಿಷಯಗಳನ್ನು ಆರಿಸಿಕೊಳ್ಳುವುದು ರೂಢಿ. ಹೀಗಿರುವಾಗ ಸುಸಲಾ, ಮಿರ್ಚಿ, ಶೇಂಗಾದ ಉಂಡಿ ಇವುಗಳನ್ನು ಕುರಿತು ಬರೆಯಹೊರಟ ನನ್ನನ್ನು ಕಂಡು ಸಹಪಾಠಿಗಳು ನಗಬಹುದು. ನಗಲಿ. ಆದರೆ ನಕ್ಕಾದ ಮೇಲೆ ಒಂದು ಪ್ರಶ್ನೆಗೆ ಉತ್ತರ ಹೇಳಲಿ: ಹೋದ ವರುಷದ ಸಮಾರಂಭದಲ್ಲಿ ಕೇಳಿದ ಭಾಷಣಗಳಲ್ಲಿ ಎಷ್ಟು ನೆನಪಿವೆ? ಅಂದು ತಿಂದ ಮಿರ್ಚಿಗಳಲ್ಲಿ ಎಷ್ಟು ನೆನಪಿವೆ? ನನ್ನ ಮಟ್ಟಿಗೆ ಹೇಳುವುದಾದರೆ ಭಾಷಣ ಒಂದೂ ನೆನಪಿಲ್ಲ. ಮಿರ್ಚಿ ನಾಲ್ಕೂ ನೆನಪಿವೆ.

ಹತ್ತು ಮಂದಿ ಕೂಡಿದಲ್ಲಿ ಬಾಯಾಡಿಸಲು ಏನಾದರೂ ಬೇಕು. ಅದು ಊಟವಲ್ಲ, ಊಟಕ್ಕೆ ಎಲೆ ಬೇಕು, ಪಂಕ್ತಿ ಬೇಕು, ಹೊತ್ತು ಬೇಕು. ತಿಂಡಿಗೆ ಇವಾವುವೂ ಬೇಡ. ನಿಂತು ತಿನ್ನಬಹುದು, ಕಟ್ಟೆಯ ಮೇಲೆ ಕುಳಿತು ತಿನ್ನಬಹುದು, ಮಾತು ನಿಲ್ಲಿಸದೆಯೇ ತಿನ್ನಬಹುದು. ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳ ಸುತ್ತಿನ ಮನೆಗಳಲ್ಲಿ ಇಂಥ ಹೊತ್ತಿಗೆಂದು ಮಾಡುವ ತಿಂಡಿಗಳು ಯಾವುವು, ಅವುಗಳನ್ನು ಮಾಡುವ ಬಗೆ ಹೇಗೆ, ಹಾಗೆಯೇ ಏಕೆ ಮಾಡಬೇಕು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ. ಕೊನೆಯಲ್ಲಿ ನಮ್ಮ ತರಗತಿಯಲ್ಲಿ ನಡೆದ ಒಂದು ಸಂಗತಿಯನ್ನೂ ಹೇಳಬೇಕಾಗಿದೆ. ನಿಜವಾಗಿ ನೋಡಿದರೆ ಆ ಸಂಗತಿಯ ಸಲುವಾಗಿಯೇ ನಾನು ಲೇಖನಿ ಹಿಡಿದಿದ್ದೇನೆ.

ತಟ್ಟೆಯೊಳಗಿನ ಚರಿತ್ರೆ

ನಮ್ಮ ತಿಂಡಿಗಳ ಹೆಸರುಗಳನ್ನು ಒಂದು ಸಾರಿ ಗಮನಿಸಿರಿ. ಬೆಳಗಿನ ತಿಂಡಿಗೆ ನಾವು 'ನಾಷ್ಟಾ' ಎನ್ನುತ್ತೇವೆ. ಅದು ಪಾರಸಿಯಿಂದ ಉರ್ದುವಿನ ದಾರಿ ಹಿಡಿದು ಬಂದ ಮಾತು. 'ಮಿರ್ಚಿ' ಹಿಂದುಸ್ತಾನಿಯದು. 'ಚೂಡಾ', 'ಶೇಂಗಾ' ಇವು ಮರಾಠಿಯ ನೆರೆಯಿಂದ ಬಂದವು. 'ಉಂಡಿ', 'ಅಳ್ಳು', 'ಹಿಂಡಿ', 'ರೊಟ್ಟಿ' ಇವು ನಮ್ಮ ಮನೆಯ ಮಾತುಗಳಾಗಿ ಬಳಕೆಯಲ್ಲಿವೆ. ವಿಜಾಪುರದ ಆದಿಲಶಾಹಿ, ಆಮೇಲೆ ಹೈದರಾಬಾದಿನ ನಿಜಾಮಶಾಹಿ ಇವುಗಳ ನೆರಳಿನಲ್ಲಿ ಬೆಳೆದು, 1948ರಲ್ಲಿ ಆ ಆಳಿಕೆಯಿಂದ ಬಿಡುಗಡೆ ಪಡೆದು, 1956ರ ನವೆಂಬರ್ 1ರಂದು ಕನ್ನಡ ನಾಡಿನಲ್ಲಿ ಒಂದಾದ ಸೀಮೆ ಇದು. 2009ರ ಕೊನೆಗೆ ಕಲಬುರಗಿಯಿಂದ ಬೇರೆಯಾಗಿ ಯಾದಗಿರಿ ತಾನೇ ಒಂದು ಜಿಲ್ಲೆಯಾಯಿತು. ಗಡಿಗಳು ಹೀಗೆ ಎಷ್ಟೋ ಸಲ ಬದಲಾದವು. ಯಾರ ಆಳಿಕೆ ಬಂದರೂ ಅದು ಒಂದು ಮಾತನ್ನು, ಒಂದು ರುಚಿಯನ್ನು ನಮ್ಮ ತಟ್ಟೆಯಲ್ಲಿ ಬಿಟ್ಟು ಹೋಯಿತು.

ಇನ್ನೂ ಹಿಂದಕ್ಕೆ ಹೋದರೆ ಸೋಜಿಗದ ಒಂದು ಸಂಗತಿ ಕಾಣುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯನು ಬರೆದ 'ಲೋಕೋಪಕಾರ'ದಲ್ಲಿ ಅಡಿಗೆಯ ವಿಷಯಕ್ಕೆ ಒಂದು ಅಧ್ಯಾಯವಿದೆ. ಮುಂದೆ ಅದೇ ವಂಶದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿಯೂ ಅರಸನ ಊಟ ತಿಂಡಿಗಳ ವಿವರ ಉಂಟು. ಆದರೆ ಈ ಎರಡರಲ್ಲಿ ಯಾವುದರಲ್ಲಿಯೂ ಮೆಣಸಿನಕಾಯಿ ಇರುವಂತಿಲ್ಲ, ಶೇಂಗಾ ಇರುವಂತಿಲ್ಲ, ಆಲೂಗಡ್ಡೆಯೂ ಇರುವಂತಿಲ್ಲ. ಏಕೆಂದರೆ ಈ ಮೂರೂ ಅಮೆರಿಕ ಖಂಡದ ಬೆಳೆಗಳು. ಹದಿನಾರನೆಯ ಶತಮಾನದ ತರುವಾಯ ಯುರೋಪಿನವರ ಹಡಗುಗಳೊಡನೆ ನಮ್ಮ ದೇಶಕ್ಕೆ ಬಂದವು. ಅದಕ್ಕೆ ಮುಂಚೆ ನಮ್ಮವರಿಗೆ ಖಾರವೆಂದರೆ ಕರಿಮೆಣಸು. ಹೊಸದಾಗಿ ಬಂದ ಕಾಯಿಯೂ ಮೆಣಸಿನಂತೆಯೇ ಖಾರವಾಗಿದ್ದುದರಿಂದ ಅದು 'ಮೆಣಸಿನಕಾಯಿ' ಆಯಿತು. ನಮ್ಮ ಜೋಳಕ್ಕೂ ಮೂಲ ತವರು ಆಫ್ರಿಕ. ಅದು ಸಾವಿರಾರು ವರುಷಗಳ ಹಿಂದೆಯೇ ಇಲ್ಲಿಗೆ ಬಂದು ನಮ್ಮದಾಯಿತು. ಆದುದರಿಂದ 'ಇದು ಅಪ್ಪಟ ನಮ್ಮದು, ಅದು ಪರರದು' ಎಂದು ತಿಂಡಿಯ ವಿಷಯದಲ್ಲಿ ಹೆಚ್ಚು ಬೀಗುವುದು ಸಲ್ಲದು. ಯಾವುದು ಎಲ್ಲಿಂದ ಬಂತು ಎನ್ನುವುದಕ್ಕಿಂತ, ಬಂದುದನ್ನು ನಾವು ಏನು ಮಾಡಿಕೊಂಡೆವು ಎನ್ನುವುದೇ ಹೆಚ್ಚಿನದು.

ಕೂಟಗಳು ಎಷ್ಟು ಬಗೆ?

ನಮ್ಮ ಕಡೆ ಮಂದಿ ಕೂಡುವ ಹೊತ್ತುಗಳು ಬೆಳೆಯೊಡನೆ ಹೊಂದಿಕೊಂಡಿವೆ. ನಾಗರ ಪಂಚಮಿಗೆ ಜೋಳದ ಅಳ್ಳು, ಅಳ್ಳಿಟ್ಟು, ಬಗೆಬಗೆಯ ಉಂಡಿಗಳು. ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಆಡುತ್ತ ತಿನ್ನುವ ತಿಂಡಿ ಇವು. ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾದ ಹಿಂಡಿ, ಕಡಬು ತಿನ್ನುವರು. ಅದೇ ದಿನಗಳಲ್ಲಿ ಹಸಿ ತೊಗರಿಕಾಯಿಯನ್ನು ಉಪ್ಪು ಹಾಕಿ ಕುದಿಸಿ ಬುಟ್ಟಿಯಲ್ಲಿಟ್ಟರೆ ಸಂಜೆಯ ಹರಟೆಗೆ ಬೇರೆ ತಿಂಡಿ ಬೇಕಿಲ್ಲ. ನೆರೆಯ ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆದರೆ ಕಾಯಿಯಿದ್ದಾಗಲೇ ಸುಲಿದು ತಿನ್ನುವ ಸುಖವು ಯಾವ ಮಾನ್ಯತೆಗೂ ಕಾಯುವುದಿಲ್ಲ.

ಹಿಂಗಾರಿ ಜೋಳಕ್ಕೆ ಹಾಲು ತುಂಬಿ ಕಾಳು ಇನ್ನೂ ಎಳೆಯದಾಗಿದ್ದಾಗ ಸೀತನಿಯ ಕೂಟ. ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಹುದುಗಿಸಿ ಸುಟ್ಟು, ತಿಕ್ಕಿ ಕಾಳು ಬಿಡಿಸಿ, ಬೆಲ್ಲದೊಡನೆಯೋ ಹಿಂಡಿಯೊಡನೆಯೋ ಬಿಸಿಬಿಸಿಯಾಗಿ ತಿನ್ನುವುದು. ಎಳೆಯ ಕಾಳಿನಲ್ಲಿ ಸಕ್ಕರೆಯ ಅಂಶ ಹೆಚ್ಚು. ಕಾಳು ಬಲಿತಂತೆ ಅದು ಪಿಷ್ಟವಾಗುತ್ತದೆ. ಆದುದರಿಂದ ಸೀತನಿಗೆ ಕೆಲವೇ ದಿನಗಳ ಆಯುಷ್ಯ. ಸೊಲ್ಲಾಪುರದ ಕಡೆಯವರು ಇದನ್ನೇ 'ಹುರಡಾ' ಎಂದು ಕರೆದು, ಗೆಳೆಯರನ್ನೂ ನೆಂಟರನ್ನೂ ಹೊಲಕ್ಕೆ ಆಮಂತ್ರಿಸುವರು. ಕೃಷ್ಣೆಗೆ ನಾರಾಯಣಪುರದಲ್ಲಿ 1982ರಲ್ಲಿ ಅಣೆಕಟ್ಟು ಮುಗಿದು, ಕಾಲುವೆಯ ನೀರು ಹರಿದ ಮೇಲೆ ಶಹಾಪುರ, ಸುರಪುರದ ಎಷ್ಟೋ ಹೊಲಗಳಲ್ಲಿ ಜೋಳದ ಜಾಗಕ್ಕೆ ಭತ್ತ ಬಂದಿದೆ. ನೀರು ಬಂದುದು ನಮ್ಮ ಭಾಗ್ಯವೇ ಸರಿ. ಆದರೂ ಸೀತನಿಯ ಹೊಗೆ ಆ ಹೊಲಗಳಲ್ಲಿ ಏಳುವುದಿಲ್ಲ. 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರುಷವೆಂದು ಸಾರಿದಾಗ, ಜೋಳ ಸಜ್ಜೆಗಳ ಹಿರಿಮೆಯನ್ನು ಪಟ್ಟಣದವರು ನಮಗೆ ಹೇಳಿಕೊಟ್ಟರು. ನಾವು ತಲೆದೂಗಿ ಕೇಳಿದೆವು.

ಇನ್ನು ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ, ಕೃಷ್ಣೆಯ ದಂಡೆಯ ಮೇಲೆ ತಿಂಥಣಿಯ ಮೌನೇಶ್ವರನ ಜಾತ್ರೆ. ಜಾತ್ರೆಗೆ ಹೋದವರು ಬೆಂಡು ಬತ್ತಾಸ, ಖಾರ ಚುರುಮುರಿ ಕಟ್ಟಿಸಿಕೊಂಡು ಬಂದು ಓಣಿಯವರಿಗೆ ಹಂಚದಿದ್ದರೆ ಜಾತ್ರೆ ಮುಗಿದಂತಲ್ಲ. ಇವೆಲ್ಲ ಹಿರಿಯರ ಕೂಟಗಳು. ಹುಟ್ಟುಹಬ್ಬ, ಬೀಳ್ಕೊಡುಗೆ, ಪರೀಕ್ಷೆ ಮುಗಿದ ಸಂಜೆ ಇವು ನಮ್ಮ ಕಾಲದ ಕೂಟಗಳು. ಇವುಗಳಿಗೆ ಅಂಗಡಿಯ ಪೊಟ್ಟಣ ಕತ್ತರಿಸಿ ಸುರಿಯುವ ರೂಢಿ ಬಂದಿದೆ. ಅದು ಸುಲಭವೇನೋ ಹೌದು. ಆದರೆ ಅದೇ ಹಣಕ್ಕೆ ಮನೆಯ ತಿಂಡಿಯು ಹೊಟ್ಟೆ ತುಂಬುವಷ್ಟು ಆಗುತ್ತದೆ ಎಂಬುದನ್ನು ಮುಂದೆ ಲೆಕ್ಕದಿಂದ ತೋರಿಸುವೆನು.

ನೀರಿನ ಲೆಕ್ಕ

ತಿಂಡಿಯ ಶಾಸ್ತ್ರವನ್ನೆಲ್ಲ ಒಂದು ಮಾತಿನಲ್ಲಿ ಹೇಳುವುದಾದರೆ ಅದು ನೀರಿನ ಲೆಕ್ಕ. ತಿಂಡಿಯಲ್ಲಿ ನೀರು ಎಷ್ಟಿದೆ ಎಂಬುದರ ಮೇಲೆ ಅದು ಎಷ್ಟು ಹೊತ್ತು ಉಳಿಯುವುದು, ಯಾವಾಗ ಮಾಡಬೇಕು ಎಂಬುದು ನಿಲ್ಲುತ್ತದೆ. ಈ ಲೆಕ್ಕದಂತೆ ನಮ್ಮ ತಿಂಡಿಗಳು ಮೂರು ಗುಂಪು: ಒಣ ತಿಂಡಿಗಳು, ಕರಿದ ಬಿಸಿ ತಿಂಡಿಗಳು, ಹಸಿ ತಿಂಡಿಗಳು.

ಒಣ ತಿಂಡಿಗಳಲ್ಲಿ ಮೊದಲನೆಯದು ಶೇಂಗಾದ ಉಂಡಿ. ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಕೈಯಿಂದ ತಿಕ್ಕಿ ಸಿಪ್ಪೆ ಹಾರಿಸಿ, ತರಿತರಿಯಾಗಿ ಕುಟ್ಟಿ, ಹೆರೆದ ಬೆಲ್ಲ ಸೇರಿಸಿ ಮತ್ತೆ ಕುಟ್ಟಿದರೆ ಕಾಳಿನೊಳಗಿನ ಎಣ್ಣೆ ಹೊರಟು ಉಂಡಿ ತಾನೇ ಕೂಡಿಕೊಳ್ಳುತ್ತದೆ. ಒಂದು ಹನಿ ನೀರೂ ಬೇಡ. ಅದರಿಂದಲೇ ಅದು ವಾರಗಟ್ಟಲೆ ಕೆಡುವುದಿಲ್ಲ. ಆದರೆ ಬೂಸು ಹಿಡಿದ, ಬಣ್ಣಗೆಟ್ಟ, ಮುದುಡಿದ ಕಾಳುಗಳನ್ನು ಹುರಿಯುವ ಮುಂಚೆಯೇ ಆರಿಸಿ ಎಸೆಯತಕ್ಕದ್ದು. ಅಂಥ ಕಾಳಿನಲ್ಲಿ ಬೆಳೆಯುವ ಬೂಸು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಹುರಿದ ಮಾತ್ರಕ್ಕೆ ಅದು ಪೂರ್ತಿಯಾಗಿ ನಾಶವಾಗದು. ಅಜ್ಜಿಯಂದಿರು ಮೊರ ಹಿಡಿದು ಕುಳಿತು ಒಂದೊಂದೇ ಕಾಳು ಆರಿಸುತ್ತಿದ್ದುದು ಹೊತ್ತು ಕಳೆಯುವುದಕ್ಕಲ್ಲ.

ಎರಡನೆಯದು ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ. ತೆಳ್ಳಗೆ ತಟ್ಟಿ, ಬೇಯಿಸಿ, ಹಂಚಿನ ಬದಿಗೆ ನಿಲ್ಲಿಸಿ ಕಟಿಯಾಗುವಂತೆ ಒಣಗಿಸಿದರೆ ಹಪ್ಪಳದಂತೆ ಮುರಿಯುತ್ತದೆ. ಹೀಗೆ ಒಣಗಿದ ರೊಟ್ಟಿ ಬಹಳ ದಿನ ಇರುವುದು. ಆದರೆ ಸಜ್ಜೆಯ ಹಿಟ್ಟು ಇರಲಾರದು. ಸಜ್ಜೆಯಲ್ಲಿ ಕೊಬ್ಬು ಹೆಚ್ಚು; ಬೀಸಿದೊಡನೆ ಅದು ಗಾಳಿಗೂ ಕಾಳಿನದೇ ಕಿಣ್ವಗಳಿಗೂ ಸಿಕ್ಕಿ ಕೆಲವು ದಿನಗಳಲ್ಲಿ ಕಹಿಯಾಗುತ್ತದೆ. ಬೇಕಾದಾಗ ಬೇಕಾದಷ್ಟನ್ನೇ ಬೀಸಿಸುವ ಪದ್ಧತಿಗೆ ಇದೇ ಕಾರಣ. ಜೊತೆಗೆ ಹುರಿದ ಶೇಂಗಾ, ಒಣ ಖಾರ, ಬಳ್ಳೊಳ್ಳಿ, ಜೀರಿಗೆ, ಉಪ್ಪು ಹಾಕಿ ಕುಟ್ಟಿದ ಹಿಂಡಿ ಇರಬೇಕು. ತೆಳು ಅವಲಕ್ಕಿಯನ್ನು ಬಿಸಿಲಿಗಿಟ್ಟು ಒಗ್ಗರಣೆ ಕೊಟ್ಟ ಚೂಡಾ ಕೂಡ ಈ ಗುಂಪಿಗೇ ಸೇರಿದ್ದು.

ಮೂರನೆಯದು ಜೋಳದ ಅಳ್ಳು. ಇದಕ್ಕೆ ಎಲ್ಲ ಜೋಳವೂ ಆಗದು. ಸಿಪ್ಪೆ ಗಟ್ಟಿಯಾದ ಅಳ್ಳಿನ ಜೋಳವೇ ಬೇಕು. ಅದಕ್ಕೆ ನೀರು ಚಿಮುಕಿಸಿ, ಅರಿವೆಯಲ್ಲಿ ಕಟ್ಟಿ ಕೆಲವು ತಾಸು ಇಟ್ಟು, ಮೇಲಿನ ತೇವ ಆರಿದ ಮೇಲೆ ಕಾದ ಹಂಚಿಗೆ ಹಾಕುವರು. ಒಳಗಿನ ನೀರು ಉಗಿಯಾಗಿ, ಹೊರಬರಲು ದಾರಿ ಕಾಣದೆ, ಕಡೆಗೆ ಸಿಪ್ಪೆ ಒಡೆದು ಅಳ್ಳು ಅರಳುತ್ತದೆ. ನೀರು ಕಡಿಮೆಯಾದರೆ ಕಾಳು ಕಪ್ಪಾಗುವುದು, ಹೆಚ್ಚಾದರೆ ಸೀಳಿ ಸುಮ್ಮನಾಗುವುದು. ಸಿನಿಮಾ ಮಂದಿರದಲ್ಲಿ ಕಾಗದದ ಡಬ್ಬಿಯಲ್ಲಿ ಮಾರುವ ಮೆಕ್ಕೆಜೋಳದ ಅಳ್ಳಿಗೂ ಇದೇ ಶಾಸ್ತ್ರ.

ಕರಿದ ತಿಂಡಿಗಳ ರಾಜ ಮಿರ್ಚಿ ಭಜಿ. ಇದಕ್ಕೆ ಉದ್ದನೆಯ, ತಿಳಿಹಸಿರು ಬಣ್ಣದ, ದಪ್ಪ ಮೆಣಸಿನಕಾಯಿ ಬೇಕು. ಒಂದು ಮಗ್ಗುಲಿಗೆ ಸೀಳಿ ಒಳಗಿನ ಬಿಳಿಯ ನಾರನ್ನು ತೆಗೆಯಬೇಕು. ಖಾರವೆಲ್ಲ ಬೀಜದಲ್ಲಿದೆ ಎಂದು ಹಲವರ ನಂಬಿಕೆ. ನಿಜವಾಗಿ ಹೆಚ್ಚಿನ ಖಾರ ಇರುವುದು ಬೀಜ ಅಂಟಿಕೊಂಡಿರುವ ಆ ನಾರಿನಲ್ಲಿಯೇ. ಒಳಗೆ ಉಪ್ಪು, ಅಜವಾನ, ಹುಣಸೆಯ ಗಟ್ಟಿ ರಸ ಸವರಿ, ಕಡಲೆಹಿಟ್ಟಿನಲ್ಲಿ ಅದ್ದಿ ಬಿಡಬೇಕು. ಹಿಟ್ಟು ಕಾಯಿಗೆ ಅಂಗಿಯಂತೆ ಕೂಡುವಷ್ಟು ಗಟ್ಟಿಯಾಗಿರಬೇಕು. ಸೋಡಾ ಒಂದು ಚಿಟಿಕೆ ಸಾಕು, ಹೆಚ್ಚಾದರೆ ಭಜಿ ಎಣ್ಣೆ ಕುಡಿಯುತ್ತದೆ. ಒಂದು ಹನಿ ಹಿಟ್ಟನ್ನು ಎಣ್ಣೆಗೆ ಬಿಟ್ಟರೆ ಅದು ಮುಳುಗಿ ಕೂಡಲೇ ಮೇಲೇಳಬೇಕು; ಅದೇ ಸರಿಯಾದ ಕಾವು. ಹಿಟ್ಟಿನೊಳಗಿನ ನೀರು ಉಗಿಯಾಗಿ ಹೊರನುಗ್ಗುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳಗೆ ಹೋಗಲು ಎಡೆಯಿಲ್ಲ. ಎಣ್ಣೆ ಹೆಚ್ಚಾಗಿ ಒಳಹೋಗುವುದು ಭಜಿಯನ್ನು ಹೊರತೆಗೆದು ಅದು ಆರತೊಡಗಿದಾಗ. ಆದುದರಿಂದ ಝಾರಿಯಿಂದ ತೆಗೆದೊಡನೆ ಚೆನ್ನಾಗಿ ಬಸಿಯುವುದು ಅವಶ್ಯ.

ಕರಿದು ಕರಿದು ಕಪ್ಪಾದ, ನೊರೆಯೇಳುವ ಎಣ್ಣೆಯನ್ನು ಉಳಿಸಿಕೊಳ್ಳುವ ಆಸೆ ಬೇಡ. ಮತ್ತೆಮತ್ತೆ ಕಾಯಿಸಿದ ಎಣ್ಣೆ ಒಡೆದು ಹಾನಿಕರ ಪದಾರ್ಥಗಳನ್ನು ಉಂಟುಮಾಡುವುದರಿಂದ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಿಂದ ಅಂಥ ಎಣ್ಣೆಗೆ ಒಂದು ಮಿತಿಯನ್ನು ಹಾಕಿದೆ. ಅದೇ ಪ್ರಾಧಿಕಾರವು 2016ರಲ್ಲಿಯೇ ವೃತ್ತಪತ್ರಿಕೆಯ ಕಾಗದದಲ್ಲಿ ತಿಂಡಿ ಕಟ್ಟಬಾರದೆಂದು ಎಚ್ಚರಿಕೆ ಕೊಟ್ಟಿತ್ತು. ಅಚ್ಚಿನ ಮಸಿ ಬಿಸಿ ಎಣ್ಣೆಯೊಡನೆ ಸೇರಿ ಹೊಟ್ಟೆಗೆ ಹೋಗುವುದು. ಪತ್ರಿಕೆಯನ್ನು ಓದೋಣ, ಮಿರ್ಚಿಗೆ ಮುತ್ತುಗದ ಎಲೆ ಇದೆ.

ಮಿರ್ಚಿ ತಿಂದು ನಾಲಿಗೆ ಉರಿದಾಗ ನೀರು ಕುಡಿಯುವವರುಂಟು. ಖಾರದ ಸತ್ವವು ನೀರಿನಲ್ಲಿ ಕರಗುವುದಿಲ್ಲ. ನೀರು ಅದನ್ನು ಬಾಯಿತುಂಬ ಹರಡುತ್ತದೆ ಅಷ್ಟೆ. ಹಾಲು ಮಜ್ಜಿಗೆಗಳಲ್ಲಿರುವ ಕೊಬ್ಬು ಮತ್ತು ಸಸಾರಜನಕದ ಅಂಶಗಳು ಅದನ್ನು ಹಿಡಿದು ಕೊಂಡೊಯ್ಯುತ್ತವೆ. ಮಿರ್ಚಿಯ ಮಗ್ಗುಲಿಗೆ ಮಜ್ಜಿಗೆ ಇಡುವುದು ಮರ್ಯಾದೆಯೂ ಹೌದು, ವಿಜ್ಞಾನವೂ ಹೌದು.

ಹಸಿ ತಿಂಡಿಗಳಲ್ಲಿ ಸುಸಲಾಕ್ಕೆ ಸಮನಾದುದು ಬೇರೊಂದಿಲ್ಲ. ಕೆಲವರು ಇದನ್ನೇ ಒಗ್ಗರಣಿ ಎನ್ನುವರು. ಕುದಿಸಿ ಒಣಗಿಸಿದ ಅಕ್ಕಿಯನ್ನು ಉಪ್ಪುನೀರು ತಾಕಿಸಿ, ಕಾದ ಉಸುಕಿನಲ್ಲಿ ಹುರಿದಾಗ ಅದು ಹಲವು ಪಟ್ಟು ಉಬ್ಬಿ ಚುರುಮುರಿಯಾಗುತ್ತದೆ. ಅದರ ಒಳಗೆಲ್ಲ ಬರಿಯ ಗಾಳಿಗೂಡುಗಳು. ಆದುದರಿಂದ ನೀರು ಕಂಡೊಡನೆ ಹೀರಿಕೊಳ್ಳುತ್ತದೆ. ಇಡೀ ಸುಸಲಾದ ಗುಟ್ಟು ಇಲ್ಲಿಯೇ ಇರುವುದು. ಚುರುಮುರಿಯನ್ನು ನೀರಿನಲ್ಲಿ ಮುಳುಗಿಸಿ, ಹತ್ತು ಎಣಿಸುವಷ್ಟರೊಳಗೆ ಎತ್ತಿ, ಎರಡೂ ಕೈಗಳಿಂದ ಹಿಂಡಿ ಪರಾತಕ್ಕೆ ಹಾಕಬೇಕು. ನಾನು ಮೊದಲ ಸಾರಿ ಮಾಡಿದಾಗ ಪಕ್ಕದವನೊಡನೆ ಮಾತಿಗಿಳಿದು ಮುದ್ದೆ ಮಾಡಿದ್ದೆ. ನನ್ನ ಅಜ್ಜಿ ಅದನ್ನು ನೋಡಿ, "ಚುರುಮುರಿ ನೀರಾಗ ಹಾಕಿ ಕುಂತು ಮಾತಾಡಬ್ಯಾಡ, ತಮ್ಮಾ. ಹಾಕಿದ ಕೈಲೇ ತೆಗಿ" ಎಂದಳು. ಇದಕ್ಕಿಂತ ಚೊಕ್ಕಟವಾದ ಸೂತ್ರವನ್ನು ನಾನು ಯಾವ ಪಠ್ಯಪುಸ್ತಕದಲ್ಲಿಯೂ ಓದಿಲ್ಲ.

ಕಾದ ಎಣ್ಣೆಗೆ ಸಾಸಿವೆ, ಜೀರಿಗೆ, ಶೇಂಗಾ, ಕರಿಬೇವು, ಸೀಳಿದ ಹಸಿ ಮೆಣಸಿನಕಾಯಿ, ಹೆಚ್ಚಿದ ಉಳ್ಳಾಗಡ್ಡಿ ಹಾಕಿ, ಅರಿಶಿಣ ಉಪ್ಪು ಸೇರಿಸಿ, ಹಿಂಡಿದ ಚುರುಮುರಿಯನ್ನು ಕಲಸಿ, ಮೇಲೆ ಪುಟಾಣಿಯ ಹಿಟ್ಟು ಉದುರಿಸಿದರೆ ಸುಸಲಾ ಸಿದ್ಧ. ಆ ಹಿಟ್ಟು ರುಚಿಗೆ ಮಾತ್ರವಲ್ಲ. ಹೆಚ್ಚಾದ ತೇವವನ್ನು ಹೀರಿ ಸುಸಲಾ ಬಿಡಿಬಿಡಿಯಾಗಿರುವಂತೆ ಮಾಡುತ್ತದೆ. ಕಡೆಗೆ ಕೊತ್ತಂಬರಿ, ಲಿಂಬೆ. ಸುಸಲಾ ಮಾಡಿದ ಒಂದು ತಾಸಿನೊಳಗೆ ತಿಂದುಬಿಡಬೇಕು. ಅದು ಡಬ್ಬಿಯಲ್ಲಿ ಕಾಯುವ ತಿಂಡಿಯಲ್ಲ.

ಅರವತ್ತು ಮಂದಿಯ ಲೆಕ್ಕ

ಈ ಮೂರು ಗುಂಪುಗಳನ್ನು ತಿಳಿದುಕೊಂಡರೆ ಕೂಟದ ಸಿದ್ಧತೆ ತಾನಾಗಿ ಹೊಂದುತ್ತದೆ. ಒಣ ತಿಂಡಿಯನ್ನು ಹಿಂದಿನ ದಿನವೇ ಮಾಡಿಡುವುದು. ಮುಂಜಾನೆ ಹೆಚ್ಚುವ, ತೊಳೆಯುವ, ಸೀಳುವ ಕೆಲಸ. ಮಂದಿ ಕೂಡಿದ ಮೇಲೆ ಕರಿಯುವುದು ಮತ್ತು ಕಲಸುವುದು. ಅರವತ್ತು ಮಂದಿಗೆ ನಾವು ಹಾಕಿಕೊಂಡ ಲೆಕ್ಕ ಇದು: ಸುಸಲಾಕ್ಕೆ ಚುರುಮುರಿ ಮೂರೂವರೆ ಕಿಲೋ, ಉಳ್ಳಾಗಡ್ಡಿ 2 ಕಿಲೋ, ಪುಟಾಣಿ ಅರ್ಧ ಕಿಲೋ, ಶೇಂಗಾ ಅರ್ಧ ಕಿಲೋ, ಲಿಂಬೆಹಣ್ಣು 15. ತಲೆಗೆ ಎರಡರಂತೆ ಮಿರ್ಚಿ 120. ಅವುಗಳಿಗೆ ಕಡಲೆಹಿಟ್ಟು ಎರಡೂವರೆ ಕಿಲೋ. ಕರಿಯುವುದಕ್ಕೂ ಒಗ್ಗರಣೆಗೂ ಸೇರಿ ಎಣ್ಣೆ 4 ಲೀಟರ್. ಉಂಡಿ ತಲೆಗೊಂದರಂತೆ, ಅದಕ್ಕೆ ಶೇಂಗಾ 1,200 ಗ್ರಾಂ, ಬೆಲ್ಲ 700 ಗ್ರಾಂ. ಮಜ್ಜಿಗೆಗೆ 4 ಲೀಟರ್ ಮೊಸರು, ಅದರ ಎರಡರಷ್ಟು ನೀರು. ನೀರನ್ನು ಕಾಯಿಸಿ ಆರಿಸಿಕೊಂಡಿದ್ದರೆ ಒಳಿತು; ಕೂಟದ ಮರುದಿನ ಹೊಟ್ಟೆನೋವಿಗೆ ತಿಂಡಿಯನ್ನು ದೂರುವವರು ಬಹುಮಟ್ಟಿಗೆ ದೂರಬೇಕಾದುದು ನೀರನ್ನು. ಎಲ್ಲ ಸೇರಿ ತಲೆಗೆ 40 ರೂಪಾಯಿಯೊಳಗೆ ಮುಗಿಯಿತು. ಆ ಹಣಕ್ಕೆ ಪೊಟ್ಟಣದ ತಿಂಡಿ ತಂದರೆ ಎಷ್ಟು ಮಂದಿಯ ಹೊಟ್ಟೆ ತುಂಬೀತು ಎಂಬುದನ್ನು ವಾಚಕರೇ ಲೆಕ್ಕ ಹಾಕಿಕೊಳ್ಳಲಿ.

ನಮ್ಮ ತರಗತಿಯ ಸಂಗತಿ

ಈಗ ಮೊದಲು ಹೇಳಿದ ಸಂಗತಿಗೆ ಬರುವೆನು. ಎರಡು ವರುಷಗಳ ಹಿಂದೆ ನಮ್ಮ ತರಗತಿಯ ಕೂಟವಾದಾಗ ಒಂದು ನಿಯಮ ಮಾಡಿದ್ದೆವು: ಪ್ರತಿಯೊಬ್ಬರೂ ಮನೆಯಿಂದ ಒಂದು ಡಬ್ಬಿ ತಿಂಡಿ ತರತಕ್ಕದ್ದು. ನಿಯಮವನ್ನು ಸೂಚಿಸಿದವನು ನಾನೇ. ಮನೆಯ ತಿಂಡಿಯ ಮೇಲಿನ ಅಭಿಮಾನದಿಂದ ಸೂಚಿಸಿದ್ದೆ. ಅದರಲ್ಲಿ ತಪ್ಪೇನಾದರೂ ಇದ್ದೀತೆಂದು ತೋರಿರಲಿಲ್ಲ.

ಆ ದಿನ ಇಪ್ಪತ್ತೆರಡು ಡಬ್ಬಿಗಳು ಬಂದವು. ಅವುಗಳಲ್ಲಿ ಹತ್ತೊಂಬತ್ತು ಹೆಣ್ಣುಮಕ್ಕಳು ತಂದವು. ನಸುಕಿನಲ್ಲಿ ಎದ್ದು ಮಾಡಿದವರು ಅವರು, ಇಲ್ಲವೆ ಅವರ ಅವ್ವಂದಿರು. ಗಂಡುಹುಡುಗರಲ್ಲಿ ಹೆಚ್ಚಿನವರು ದಾರಿಯಲ್ಲಿ ಕೊಂಡ ಪೊಟ್ಟಣ ಹಿಡಿದು ಬಂದೆವು. ಇದು ಮೊದಲನೆಯ ತಪ್ಪು. ಎರಡನೆಯದನ್ನು ಹೇಳಲು ನಾಚಿಕೆಯಾಗುತ್ತದೆ. ಬಂದ ಡಬ್ಬಿಗಳಲ್ಲಿ ಕೆಲವು ಕ್ಷಣದಲ್ಲಿ ಬರಿದಾದವು. ಮೂರರ ಮುಚ್ಚಳವನ್ನು ಯಾರೂ ತೆರೆಯಲಿಲ್ಲ. ಅವು ಯಾವ ಓಣಿಯಿಂದ ಬಂದವು ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾರೂ ಏನನ್ನೂ ಅನ್ನಲಿಲ್ಲ. ತಂದವರು ಸಂಜೆ ಡಬ್ಬಿಗಳನ್ನು ಹಾಗೆಯೇ ಚೀಲಕ್ಕೆ ಹಾಕಿಕೊಂಡು ಹೋದರು. ಅಸ್ಪೃಶ್ಯತೆಯ ನಿಷೇಧದ ಬಗೆಗೆ ಸಂವಿಧಾನದ ಹದಿನೇಳನೆಯ ಅನುಚ್ಛೇದವನ್ನು ಅದೇ ವಾರ ನಾವು ಬಾಯಿಪಾಠ ಮಾಡಿದ್ದೆವು.

ಮೂರನೆಯದು, ನನ್ನ ಗೆಳೆಯನೊಬ್ಬ ಅಂದು ಬರಲೇ ಇಲ್ಲ. ಸುರಪುರದ ಕಡೆಯ ಹಳ್ಳಿಯವನು, ಹಾಸ್ಟೆಲಿನಲ್ಲಿ ಇದ್ದು ಓದುವವನು. ಮರುದಿನ ಕೇಳಿದಾಗ ಮೊದಲು ಜ್ವರ ಎಂದ. ಆಮೇಲೆ ಹೇಳಿದ: "ಮನಿಯಿಂದ ತರಬೇಕು ಅಂದ್ರಿ. ನಮ್ಮ ಮನಿಗೆ ಕೀಲಿ ಐತಿ. ಅವ್ವ ಅಪ್ಪ ಬೆಂಗಳೂರಾಗ ತಗಡಿನ ಶೆಡ್ಡಿನಾಗ ಅದಾರ. ಎಲ್ಲಿಂದ ತರ್ಲಿ?" ಸುಗ್ಗಿ ಮುಗಿಯುತ್ತಲೂ ಗುಳೆ ಹೋಗುವುದು ನಮ್ಮ ತಾಲೂಕುಗಳಿಗೆ ಹೊಸದಲ್ಲ. ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದುಗಳಲ್ಲಿ ಏಳುವ ಕಟ್ಟಡಗಳಿಗೆ ನಮ್ಮ ಊರುಗಳ ಕೈಗಳೂ ದುಡಿಯುತ್ತಿವೆ. ಇದು ನನಗೆ ತಿಳಿಯದ್ದೇನಲ್ಲ. ಆದರೂ ನಿಯಮ ಬರೆಯುವಾಗ 'ಮನೆ' ಎಂಬ ಮಾತು ಎಲ್ಲರಿಗೂ ಒಂದೇ ಎಂದು ಎಣಿಸಿದ್ದೆ.

ಹೋದ ವರುಷ ನಾವು ಆ ನಿಯಮವನ್ನು ಕೈಬಿಟ್ಟೆವು. ಒಂದು ಮುಚ್ಚಿದ ಡಬ್ಬಿಗೆ ಸೀಳು ಮಾಡಿ ಇಟ್ಟು, ಸಾಧ್ಯವಿದ್ದಷ್ಟು ಹಾಕಿರೆಂದು ಹೇಳಿದೆವು. ಯಾರು ಎಷ್ಟು ಹಾಕಿದರೆಂಬ ಪಟ್ಟಿ ಇಡಲಿಲ್ಲ. ಕಟ್ಟಡದ ಹಿಂದಿನ ಬೇವಿನ ನೆರಳಿನಲ್ಲಿ ಒಲೆ ಹೂಡಿ, ಒಂದೇ ಕಡೆ ಎಲ್ಲರೂ ಕೂಡಿ ಮಾಡಿದೆವು. ಕೆಲಸವನ್ನು ಚೀಟಿ ಎತ್ತಿ ಹಂಚಿದೆವು. ಉಳ್ಳಾಗಡ್ಡಿ ಹೆಚ್ಚುವ ಪಾಳಿ ಗಂಡುಹುಡುಗರಿಗೇ ಹೆಚ್ಚಾಗಿ ಬಂದುದರಿಂದ ಬಹಳ ಕಣ್ಣೀರು ಹರಿಯಿತು. ನನ್ನ ಪಾಲಿಗೆ ಬಂದುದು ಪಾತ್ರೆ ತಿಕ್ಕುವ ಕೆಲಸ. ಕಡಾಯಿಯ ಮುಂದೆ ಮಾತ್ರ ಚೀಟಿ ಎತ್ತದೆ ಹೋಗಿ ಕುಳಿತವನು ನನ್ನ ಆ ಗೆಳೆಯ. ಹತ್ತನೆಯ ತರಗತಿಯಿಂದ ತನ್ನ ಅಡಿಗೆಯನ್ನು ತಾನೇ ಮಾಡಿಕೊಂಡು ಬಂದವನಾದ್ದರಿಂದ ಎಣ್ಣೆಯ ಕಾವು ಅವನಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಎಣ್ಣೆ ಬಸಿಯುವ ವಿಷಯದಲ್ಲಿ ಮೇಲೆ ಬರೆದುದೆಲ್ಲ ಅವನು ತೋರಿಸಿದ್ದು. ಕಾರಣವನ್ನು ಮಾತ್ರ ನಾನು ಪುಸ್ತಕದಲ್ಲಿ ಹುಡುಕಿದೆ.

ಸುಸಲಾ ಎರಡು ದೊಡ್ಡ ಪರಾತಗಳಲ್ಲಿ ಬಂತು. ಯಾವ ಹಿಡಿ ಯಾವ ಮನೆಯದು ಎಂದು ಗುರುತಿಸುವಂತಿರಲಿಲ್ಲ. ಒಂದು ತಾಸಿನೊಳಗೆ ತಿನ್ನಲೇಬೇಕಾದ ತಿಂಡಿಯಾದುದರಿಂದ ಹಿಂದುಮುಂದು ನೋಡಲು ಹೊತ್ತೂ ಇರಲಿಲ್ಲ. ಹಿಂದಿನ ವರುಷ ಮುಚ್ಚಳ ತೆರೆಯದ ಡಬ್ಬಿ ಹೊತ್ತು ಹೋಗಿದ್ದವರಲ್ಲಿ ಒಬ್ಬಳು ಸುಸಲಾ ಕಲಸುತ್ತಿದ್ದಳು. ಎಲ್ಲರೂ ಎರಡನೆಯ ಸಲ ನೀಡಿಸಿಕೊಂಡರು. ಒಂದು ಕೂಟದಿಂದ ಊರು ಬದಲಾಯಿತೆಂದು ನಾನು ಹೇಳಲಾರೆ. ಸಂಜೆ ಎಲ್ಲರೂ ತಮ್ಮತಮ್ಮ ಓಣಿಗಳಿಗೇ ಮರಳಿದರು. ಆದರೆ ಪರಾತದಲ್ಲಿ ಏನೂ ಉಳಿದಿರಲಿಲ್ಲ.

ಮನೆಯ ತಿಂಡಿ ಉಳಿಯಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಅದು ಅಗ್ಗ, ರುಚಿ, ಆರೋಗ್ಯಕ್ಕೆ ಹಿತ. ಅದರ ಹಿಂದೆ ಅಜ್ಜಿಯಂದಿರ ಬಹುಕಾಲದ ಅನುಭವವಿದೆ. ಆದರೆ ಅದನ್ನು ಉಳಿಸುವ ಭಾರವನ್ನು ಅವ್ವಂದಿರ ಮತ್ತು ಅಕ್ಕತಂಗಿಯರ ಹೆಗಲಿಗೇ ಬಿಟ್ಟು, ತಿಂದವರು ಬರಿದೆ ಹೊಗಳಿದರೆ ಅದು ಉಳಿಯಲಾರದು. ಕಲಿಯುವವರು ಎಲ್ಲರೂ ಆಗಬೇಕು. ಈ ಲೇಖನದ ಅಳತೆಗಳನ್ನು ಬರೆದಿಟ್ಟಿರುವುದು ಅದಕ್ಕಾಗಿಯೇ.

ಮುಂದಿನ ತರಗತಿಯ ಮಿತ್ರರಲ್ಲಿ ನನ್ನದೊಂದು ವಿನಂತಿ. ಕೂಟದ ಸೂಚನಾಪತ್ರ ಬರೆಯುವಾಗ 'ಮನೆಯಿಂದ ತರತಕ್ಕದ್ದು' ಎಂಬ ಸಾಲನ್ನು ಬರೆಯಬೇಡಿರಿ. 'ಬೆಳಿಗ್ಗೆ ಎಂಟಕ್ಕೆ ಬೇವಿನ ಮರದ ಕೆಳಗೆ ಬರತಕ್ಕದ್ದು' ಎಂದು ಬರೆಯಿರಿ. ಪರಾತಗಳನ್ನೂ ಝಾರಿಯನ್ನೂ ತಿಕ್ಕಿ ಇಟ್ಟಿದ್ದೇವೆ.